ಫಾರ್ಮ್ಯಾಟ್ ಮಾಡುವ ಮೊದಲು

ಮುಂಗಾರಿನ ಗುಡುಗು ಸಿಡಿಲು ಶುರುವಾಯಿತೆಂದರೆ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಕೈತುಂಬ ಕೆಲಸ. ವೋಲ್ಟೇಜ್ ಏರಿಳಿತಕ್ಕೆ ಮದರ್‌ಬೋರ್ಡ್ ಸುಟ್ಟುಹೋದ ಯಂತ್ರಗಳು ಒಂದರ ಹಿಂದೊಂದು ಬರುತ್ತವೆ. ಹತ್ತು ವರ್ಷದ ಹಿಂದಿನ ಬೋರ್ಡು ಈಗ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಬೇರೊಂದು ಕಂಪ್ಯೂಟರ್ ಕೊಳ್ಳುತ್ತಾರೆ, ಹಳೆಯದರ ಹಾರ್ಡ್ ಡಿಸ್ಕ್ ಬಿಚ್ಚಿ ಅದಕ್ಕೆ ಜೋಡಿಸುತ್ತಾರೆ, ಸ್ವಿಚ್ ಒತ್ತುತ್ತಾರೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಮೂಡಿ ಎಲ್ಲ ನಿಂತುಬಿಡುತ್ತದೆ. ಇಲ್ಲವೇ ನೀಲಿ ಪರದೆ ಬರುತ್ತದೆ. ಇಲ್ಲವೇ ವಿಂಡೋಸ್ ಲಾಂಛನ ಕಾಣಿಸಿಕೊಂಡು, ಮಾಯವಾಗಿ, ಮತ್ತೆ ಮೊದಲಿನಿಂದ ಆರಂಭ. ಆಗ ಕೇಳಿಬರುವ ಮಾತು ಸಾಮಾನ್ಯವಾಗಿ ಇದು: "ಹಾರ್ಡ್ ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಬೇಕು."

ನನ್ನ ಇವತ್ತಿನ ಭಾಷಣ ಈ ಮಾತಿಗೆ ಎದುರು ನಿಂತದ್ದು. ಬೇರೆ ಯಂತ್ರಕ್ಕೆ ಹಾಕಿದ ಡಿಸ್ಕು ಬೂಟ್ ಆಗಲಿಲ್ಲ ಎಂದಮಾತ್ರಕ್ಕೆ ಅದು ಕೆಟ್ಟಿದೆ ಎಂದು ಅರ್ಥವಲ್ಲ. ಒಳಗಿನ ಕಡತಗಳು ಹೆಚ್ಚಿನ ಸಂದರ್ಭಗಳಲ್ಲಿ ಇದ್ದ ಹಾಗೆಯೇ ಇರುತ್ತವೆ. ಕಂಪ್ಯೂಟರ್ ಆನ್ ಆದ ಗಳಿಗೆಯಿಂದ ಡೆಸ್ಕ್‌ಟಾಪ್ ಕಾಣುವವರೆಗೆ ಒಂದು ಪ್ರೋಗ್ರಾಮ್ ಇನ್ನೊಂದನ್ನು ಹುಡುಕಿ, ಅದಕ್ಕೆ ಕೆಲಸ ಒಪ್ಪಿಸಿ, ತಾನು ಸರಿಯುತ್ತ ಹೋಗುತ್ತದೆ. ಆ ಒಪ್ಪಿಸುವ ಸರಣಿಯಲ್ಲಿ ಒಂದು ಕೊಂಡಿ ತಪ್ಪಿದೆ. ಯಾವ ಕೊಂಡಿ ಎಂಬುದನ್ನು ಪರದೆಯ ಮೇಲಿನ ಆ ಒಂದು ಸಾಲು ಹೇಳುತ್ತಿರುತ್ತದೆ. ಅದನ್ನು ಓದಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅಥವಾ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ರಿಪೇರಿಯ ಅರ್ಧ ಕೆಲಸ ಅಷ್ಟಕ್ಕೇ ಮುಗಿಯುತ್ತದೆ.

ಹೊಸದಾಗಿ ವಿಂಡೋಸ್ ಹಾಕಿಸಿದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನಮ್ಮ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಯೊಂದನ್ನು ನೆನೆದುಕೊಳ್ಳಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಇವೆಲ್ಲ ಎಷ್ಟೋ ಕಡೆ ಇಂದಿಗೂ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲೇ ತಯಾರಾಗುತ್ತವೆ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಅದರೊಳಗಿನ ಕನ್ನಡವೋ ನುಡಿ, ಬರಹ, ಶ್ರೀಲಿಪಿಗಳ ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿದೆ. ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಇವನ್ನೆಲ್ಲ ಹಾಕಿಕೊಟ್ಟ ಸಿಡಿ ಎಲ್ಲಿದೆಯೋ ಗೊತ್ತಿಲ್ಲ. ಹಾಕಿಕೊಟ್ಟವರು ಊರು ಬಿಟ್ಟು ಹೋಗಿದ್ದಾರೆ. ಪಕ್ಕದಲ್ಲಿ ಟ್ಯಾಲಿಯಲ್ಲಿ ಬರೆದ ವರ್ಷಗಳ ಲೆಕ್ಕವೂ ಇದೆ. ಇಂಥ ಡಿಸ್ಕಿನಲ್ಲಿ ಇರುವುದು ಒಂದು ಕುಟುಂಬದ ಜೀವನೋಪಾಯ. ಅದನ್ನು ಅರ್ಧ ಗಂಟೆಯ ಅವಸರಕ್ಕೆ ಅಳಿಸಿಹಾಕುವುದು ನನ್ನ ಮಟ್ಟಿಗೆ ಅನ್ಯಾಯ.

ಹಾಗಾದರೆ ಮೊದಲು ಏನು ನೋಡಬೇಕು? ಹೊಸ ಯಂತ್ರಕ್ಕೆ ಆ ಡಿಸ್ಕು ಕಾಣುತ್ತಿದೆಯೇ ಎಂಬುದನ್ನು. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯಾಸ್ ಸೆಟಪ್ ಎಂಬ ಬೋರ್ಡಿನ ಆಯ್ಕೆಗಳ ಪರದೆಗೆ ಹೋಗಿ. ಕೆಲವು ಕಂಪನಿಗಳ ಯಂತ್ರದಲ್ಲಿ ಎಫ್10, ಕೆಲವುಗಳಲ್ಲಿ ಎಫ್1. ಅಲ್ಲಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇದ್ದರೆ ತೊಂದರೆ ಹೆಚ್ಚಾಗಿ ತಂತ್ರಾಂಶದ್ದು. ಹೆಸರೇ ಇಲ್ಲದಿದ್ದರೆ ಕೇಬಲ್ ನೋಡಿ, ಬೇರೆ ಪೋರ್ಟಿಗೆ ಹಾಕಿ ನೋಡಿ. ತೆಳುವಾದ ಪಟ್ಟಿಯಂತಿರುವ ಎಂ.2 ಡಿಸ್ಕುಗಳಲ್ಲಿ ಒಂದು ಮೋಸಹೋಗುವ ವಿಷಯವಿದೆ. ಅವುಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿ. ಎರಡೂ ಒಂದೇ ಕಿಂಡಿಯಲ್ಲಿ ಕೂರಬಹುದು, ಆದರೆ ಆ ಕಿಂಡಿ ಒಂದೇ ಜಾತಿಗೆ ಮಾತ್ರ ತಂತಿ ಎಳೆದದ್ದಿರಬಹುದು. ಆಗ ಒಳ್ಳೆಯ ಡಿಸ್ಕೇ ಸತ್ತಂತೆ ತೋರುತ್ತದೆ. ಇನ್ನು ಡಿಸ್ಕಿನೊಳಗಿಂದ ಕಟಕಟ ಸದ್ದು ಬರುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಅದು ಬೇರೆಯೇ ರೋಗ, ಅದಕ್ಕೆ ಬೇರೆಯೇ ವೈದ್ಯರು.

ಎರಡನೆಯ ಕೆಲಸ ಪ್ರತಿ ತೆಗೆಯುವುದು. ಯುಎಸ್‌ಬಿಗೆ ಜೋಡಿಸುವ ಒಂದು ಅಡಾಪ್ಟರ್ ಕೇಬಲ್ ದುಬಾರಿಯೇನಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿಗೂ ಸಿಗುತ್ತದೆ, ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ಡಿಸ್ಕನ್ನು ಅದಕ್ಕೆ ಸಿಕ್ಕಿಸಿ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಕಂಪ್ಯೂಟರಿಗೆ ಹಾಕಿ, ಬೇಕಾದ ಕಡತಗಳನ್ನೆಲ್ಲ ನಕಲು ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ವಿಂಡೋಸ್ ಒಮ್ಮೊಮ್ಮೆ ತಾನಾಗಿಯೇ "ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಎಂದು ಕೇಳುತ್ತದೆ. ತನಗೆ ಓದಲು ಬಾರದ ಲಿನಕ್ಸ್ ವಿಭಾಗ ಕಂಡರೂ ಅದು ಹಾಗೆಯೇ ಕೇಳುತ್ತದೆ. ಬೇಡ ಎಂದು ಒತ್ತಿ. ಹೌದು ಎಂಬ ಒಂದು ಒತ್ತಿನಲ್ಲಿ ಎಷ್ಟೋ ಮದುವೆಯ ಫೋಟೊಗಳು, ಎಷ್ಟೋ ಸಂಶೋಧನಾ ಪ್ರಬಂಧಗಳು ಹೋಗಿವೆ.

ಪ್ರತಿ ಕೈಗೆ ಬಂದಮೇಲೆ ಧೈರ್ಯವಾಗಿ ಕಾರಣ ಹುಡುಕಬಹುದು.

ಹಳೆಯ ಪದ್ಧತಿಯ ಕಂಪ್ಯೂಟರಿನಲ್ಲಿ ಬಯಾಸ್ ಎಂಬ ಪ್ರೋಗ್ರಾಮ್ ಡಿಸ್ಕಿನ ಮೊಟ್ಟಮೊದಲ ತುಣುಕನ್ನು, ಅಂದರೆ 512 ಬೈಟುಗಳನ್ನು, ಓದುತ್ತದೆ. ಇದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್ ಎಂದು ಹೆಸರು. 1983ರಲ್ಲಿ ಐಬಿಎಂ ಕಂಪನಿಯ ಡಾಸ್ ಎರಡನೆಯ ಆವೃತ್ತಿಯೊಂದಿಗೆ ಬಂದ ಏರ್ಪಾಡು ಇದು. 512ರಲ್ಲಿ 64 ಬೈಟು ವಿಭಾಗಗಳ ಪಟ್ಟಿಗೆ, ಕೊನೆಯ ಎರಡು ಬೈಟು ಗುರುತಿಗೆ. ಮಿಕ್ಕ 446ರಲ್ಲಿ ಮುಂದಿನ ಹೆಜ್ಜೆ ಎಲ್ಲಿ ಎಂದು ಹೇಳುವ ಪುಟ್ಟ ಪ್ರೋಗ್ರಾಮ್. ಇಷ್ಟು ಸಣ್ಣ ಜಾಗದ ಮೇಲೆ ಲೋಕದ ಪಿಸಿಗಳು ಬಹುಪಾಲು ಸುಮಾರು ಮೂರು ದಶಕ ನಡೆದುವು. ಇದರ ಒಂದು ಒಳ್ಳೆಯ ಗುಣವೆಂದರೆ ಬೂಟ್ ಮಾಡುವ ಮಾಹಿತಿ ಡಿಸ್ಕಿನ ಮೇಲೆಯೇ ಇರುತ್ತದೆ, ಡಿಸ್ಕು ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ.

ಹೊಸ ಪದ್ಧತಿಯ ಹೆಸರು ಯುಇಎಫ್ಐ. ಇಂಟೆಲ್ ಕಂಪನಿ ತನ್ನ ದೊಡ್ಡ ಯಂತ್ರಗಳಿಗಾಗಿ ಆರಂಭಿಸಿದ ಈ ಕೆಲಸವನ್ನು 2005ರಿಂದ ಹಲವು ಕಂಪನಿಗಳ ಒಕ್ಕೂಟವೊಂದು ನೋಡಿಕೊಳ್ಳುತ್ತಿದೆ. ಇಲ್ಲಿ ಡಿಸ್ಕಿನಲ್ಲಿ ಇಎಫ್ಐ ವಿಭಾಗ ಎಂಬ ಸಣ್ಣದೊಂದು ಪ್ರತ್ಯೇಕ ಭಾಗವಿರುತ್ತದೆ. ವಿಂಡೋಸ್ ಇರಲಿ ಲಿನಕ್ಸ್ ಇರಲಿ, ತಮ್ಮ ಬೂಟ್ ಲೋಡರನ್ನು ಅದರಲ್ಲಿ ಮಾಮೂಲಿ ಕಡತದಂತೆ ಇಡುತ್ತವೆ. ಆದರೆ ಯಾವ ಡಿಸ್ಕಿನ ಯಾವ ಕಡತದಿಂದ ಶುರು ಮಾಡಬೇಕು ಎಂಬ ಟಿಪ್ಪಣಿ ಇರುವುದು ಮದರ್‌ಬೋರ್ಡಿನ ಮೇಲಿನ ಶಾಶ್ವತ ಸ್ಮೃತಿಯಲ್ಲಿ. ಗಮನಿಸಿ, ಡಿಸ್ಕಿನ ಮೇಲಲ್ಲ. ನೀವು ಡಿಸ್ಕನ್ನು ಬಿಚ್ಚಿ ತಂದಾಗ ಆ ಟಿಪ್ಪಣಿ ಸುಟ್ಟ ಬೋರ್ಡಿನಲ್ಲೇ ಉಳಿದುಬಿಟ್ಟಿತು. ಹೊಸ ಬೋರ್ಡಿಗೆ ಈ ಡಿಸ್ಕಿನ ಇತಿಹಾಸ ಗೊತ್ತಿಲ್ಲ. ಹಾಗಾಗಿ ಅದು "ನೋ ಬೂಟಬಲ್ ಡಿವೈಸ್" ಎನ್ನುತ್ತದೆ. ಡಿಸ್ಕು ಇಲ್ಲವೆಂದೋ ಖಾಲಿಯೆಂದೋ ಅಲ್ಲ, ಎಲ್ಲಿಂದ ಆರಂಭಿಸಬೇಕೆಂದು ತನಗೆ ಯಾರೂ ಹೇಳಿಲ್ಲ ಎಂಬುದು ಅದರ ಅರ್ಥ.

ಇಂಥ ಸಂದರ್ಭಕ್ಕೆಂದೇ ಯುಇಎಫ್ಐ ಒಂದು ಹಿಂಬಾಗಿಲು ಇಟ್ಟಿದೆ. ಟಿಪ್ಪಣಿ ಇಲ್ಲದಿದ್ದರೆ ಇಎಫ್ಐ ವಿಭಾಗದ ಬೂಟ್ ಎಂಬ ಕಡತಕೋಶದಲ್ಲಿ 'ಬೂಟ್ ಎಕ್ಸ್64' ಹೆಸರಿನ ಕಡತವಿದೆಯೇ ಎಂದು ಅದು ನೋಡುತ್ತದೆ. ವಿಂಡೋಸ್ ಅಲ್ಲಿ ತನ್ನದೊಂದು ಪ್ರತಿ ಇಡುವುದರಿಂದ ಎಷ್ಟೋ ಸಲ ಏನೂ ಮಾಡದೆಯೇ ಎದ್ದುಬಿಡುತ್ತದೆ. ಕೆಲವು ಲಿನಕ್ಸ್ ಹಂಚಿಕೆಗಳು ಇಡುವುದಿಲ್ಲ. ಅವುಗಳಲ್ಲಿ ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ ಹಚ್ಚಿ, ಗ್ರಬ್ ಲೋಡರನ್ನು ಮತ್ತೆ ಸ್ಥಾಪಿಸುವಾಗ 'ರಿಮೂವಬಲ್' ಎಂಬ ಆಯ್ಕೆ ಕೊಟ್ಟರೆ ಆ ಹಿಂಬಾಗಿಲಿಗೂ ಒಂದು ಪ್ರತಿ ಹೋಗುತ್ತದೆ. ಮುಂದೆ ಆ ಡಿಸ್ಕು ಎಲ್ಲಿಗೆ ಹೋದರೂ ದಾರಿ ಸಿಗುತ್ತದೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಬಿಸಿಡಿಬೂಟ್ ಎಂಬ ಆಜ್ಞೆ ಇದೆ. ವಿಂಡೋಸ್ ಹಾಕುವ ಪೆನ್‌ಡ್ರೈವಿನಿಂದ ಎದ್ದು, ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟ್ ತೆರೆದು, ಇಎಫ್ಐ ವಿಭಾಗಕ್ಕೆ ಒಂದು ಅಕ್ಷರ ಕೊಟ್ಟು ಇದನ್ನು ನಡೆಸಬೇಕು. ಒಂದು ಎಚ್ಚರ: ರಿಪೇರಿ ಪರಿಸರದಲ್ಲಿ ನಿಮ್ಮ ಸಿ ಡ್ರೈವು ಡಿ ಆಗಿಯೋ ಇ ಆಗಿಯೋ ಕಾಣಿಸಬಹುದು. ಮೊದಲು ಒಳಗಿನ ಕಡತಕೋಶಗಳ ಪಟ್ಟಿ ನೋಡಿ ಖಾತ್ರಿ ಮಾಡಿಕೊಂಡೇ ಆಜ್ಞೆ ಕೊಡಿ.

ಹಳೆಯ ಪದ್ಧತಿಯಲ್ಲಿ ಸ್ಥಾಪಿಸಿದ ಡಿಸ್ಕನ್ನು ಹೊಸ ಪದ್ಧತಿ ಮಾತ್ರ ತಿಳಿದ ಯಂತ್ರಕ್ಕೆ ಹಾಕಿದಾಗಲೂ ಇದೇ "ನೋ ಬೂಟಬಲ್ ಡಿವೈಸ್" ಕಾಣುತ್ತದೆ. ನಡುವಿನ ಕಾಲದ ಬೋರ್ಡುಗಳಲ್ಲಿ ಸಿಎಸ್ಎಂ ಅಥವಾ ಲೆಗಸಿ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ ಬೋರ್ಡು ಹಳೆಯ ಬಯಾಸಿನಂತೆ ನಡೆದುಕೊಳ್ಳುತ್ತದೆ, ಎಂಬಿಆರ್ ಡಿಸ್ಕು ಎದ್ದುಬಿಡುತ್ತದೆ. ಜೊತೆಗೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಬಹುದು. ಹೊಸ ಯಂತ್ರಗಳಲ್ಲಿ ಈ ಆಯ್ಕೆಯನ್ನೇ ತೆಗೆದುಹಾಕುತ್ತ ಬಂದಿದ್ದಾರೆ. ವಿಂಡೋಸ್ 10 ಇದ್ದ ಡಿಸ್ಕಾದರೆ ಎಂಬಿಆರ್2ಜಿಪಿಟಿ ಎಂಬ ಸಲಕರಣೆ ಕಡತಗಳನ್ನು ಮುಟ್ಟದೆ ಡಿಸ್ಕಿನ ಪದ್ಧತಿಯನ್ನೇ ಬದಲಿಸಿಕೊಡುತ್ತದೆ. 2017ರಿಂದ ವಿಂಡೋಸ್ ಜೊತೆಗೇ ಬರುತ್ತಿದೆ. ಮೊದಲು ಪರೀಕ್ಷೆ ಮಾತ್ರ ಮಾಡುವ 'ವ್ಯಾಲಿಡೇಟ್' ಆಯ್ಕೆ ಕೊಟ್ಟು ನೋಡಿ, ಆಮೇಲೆ ಪರಿವರ್ತನೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗವಿದ್ದರೆ ಅದು ಒಪ್ಪುವುದಿಲ್ಲ.

ಈಗ ನೀಲಿ ಪರದೆಗೆ ಬರೋಣ. ಜನ ಅತಿ ಹೆಚ್ಚು ಹೆದರುವುದೂ, ಅಂಗಡಿಗಳಲ್ಲಿ ಅತಿ ಹೆಚ್ಚು ಡಿಸ್ಕುಗಳು ವಿನಾಕಾರಣ ಅಳಿಸಿಹೋಗುವುದೂ ಇಲ್ಲಿಯೇ. ಪರದೆಯ ಮೇಲೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದೋ, ಸಾಲು ಸೊನ್ನೆಗಳ ಕೊನೆಯಲ್ಲಿ 7ಬಿ ಎಂದೋ ಇರುತ್ತದೆ. ಬೂಟ್ ಮಾಡುವ ಸಾಧನವನ್ನು ತಲುಪಲಾಗಲಿಲ್ಲ ಎಂದು ವಿಂಡೋಸ್ ಹೇಳುತ್ತಿದೆ. ಸ್ವಲ್ಪ ಯೋಚಿಸಿ. ಆ ಮಾತು ಹೇಳುತ್ತಿರುವ ವಿಂಡೋಸ್ ಎಲ್ಲಿಂದ ಬಂತು? ಆ ಡಿಸ್ಕಿನಿಂದಲೇ. ಅಂದರೆ ಡಿಸ್ಕು ಓದಲು ಬರುತ್ತಿದೆ, ಬೂಟ್ ಲೋಡರ್ ಸಿಕ್ಕಿದೆ, ವಿಂಡೋಸ್‌ನ ತಿರುಳಾದ ಕರ್ನಲ್ ಸ್ಮೃತಿಗೆ ಬಂದು ಕೂತಿದೆ. ಅಲ್ಲಿಯವರೆಗೆ ಡಿಸ್ಕನ್ನು ಓದಿಕೊಡುತ್ತಿದ್ದದ್ದು ಬೋರ್ಡಿನ ಬಯಾಸ್. ಕರ್ನಲ್ ಬಂದಮೇಲೆ ಬಯಾಸ್ ಪಕ್ಕಕ್ಕೆ ಸರಿಯುತ್ತದೆ, ವಿಂಡೋಸ್ ತನ್ನದೇ ಡ್ರೈವರ್ ಮೂಲಕ ಡಿಸ್ಕನ್ನು ಓದಬೇಕು. ಆ ಡ್ರೈವರ್ ಹಳೆಯ ಬೋರ್ಡಿನ ನಿಯಂತ್ರಕಕ್ಕೆ ಹೊಂದುವಂಥದ್ದು, ಹೊಸ ಬೋರ್ಡಿನಲ್ಲಿ ನಿಯಂತ್ರಕ ಬೇರೆ. ಓದುತ್ತಿದ್ದ ಡಿಸ್ಕೇ ಕೈಗೆ ಸಿಗದೆ ವಿಂಡೋಸ್ ನಿಂತುಬಿಡುತ್ತದೆ.

ಡ್ರೈವರ್ ಡಿಸ್ಕಿನಲ್ಲಿ ಇಲ್ಲವೇ? ಬಹಳ ಸಲ ಇರುತ್ತದೆ! ಆದರೆ ಎಲ್ಲ ಡ್ರೈವರುಗಳನ್ನೂ ವಿಂಡೋಸ್ ಶುರುವಿನಲ್ಲೇ ತರುವುದಿಲ್ಲ. ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಪ್ರತಿಯೊಂದಕ್ಕೂ 'ಸ್ಟಾರ್ಟ್' ಎಂಬ ಅಂಕಿ ಬರೆದಿರುತ್ತದೆ. ಸೊನ್ನೆ ಇದ್ದರೆ ಮೊಟ್ಟಮೊದಲೇ ಬರಬೇಕು; ಮೂರು ಇದ್ದರೆ ಕರೆದಾಗ ಬಂದರೆ ಸಾಕು. ವಿಂಡೋಸ್ 7 ಸ್ಥಾಪಿಸಿದ ದಿನ ಬೋರ್ಡು ಡಿಸ್ಕಿನೊಂದಿಗೆ ಮಾತಾಡುವ ಹಳೆಯ ಐಡಿಇ ರೀತಿಯಲ್ಲಿ ಇದ್ದಿದ್ದರೆ, ಹೊಸ ರೀತಿಯಾದ ಎಎಚ್‌ಸಿಐಯ ಡ್ರೈವರಿನ ಮುಂದೆ ಮೂರು ಎಂದು ಬರೆದು ಅದು ಬಿಟ್ಟುಬಿಡುತ್ತದೆ. ವರ್ಷಗಳ ನಂತರ ಡಿಸ್ಕು ಎಎಚ್‌ಸಿಐ ಬೋರ್ಡಿಗೆ ಹೋದಾಗ ಆ ಒಂದು ಅಂಕಿಯಿಂದ ಇಡೀ ಕಂಪ್ಯೂಟರ್ ನಿಲ್ಲುತ್ತದೆ. ಮೂರನ್ನು ಸೊನ್ನೆ ಮಾಡಿದರೆ ಏಳುತ್ತದೆ. ಒಂದು ಅಂಕಿ ತಿದ್ದುವ ಕಡೆ ಒಂದು ಡಿಸ್ಕನ್ನೇ ಅಳಿಸುತ್ತಾರೆ ಎಂದಾಗ ನನಗೆ ಆಗುವ ಸಂಕಟ ಎಂಥದ್ದು ಎಂದು ನೀವೇ ಊಹಿಸಿ.

ತಿದ್ದುವುದಕ್ಕೆ ಹಲವು ದಾರಿ. ಎಲ್ಲಕ್ಕಿಂತ ಸುಲಭದ್ದು ಬಯಾಸಿನಲ್ಲೇ ಇದೆ. ಸಾಟಾ ಮೋಡ್ ಎಂಬಲ್ಲಿ ಐಡಿಇ, ಎಎಚ್‌ಸಿಐ, ರೇಡ್ ಎಂಬ ಆಯ್ಕೆಗಳಿರುತ್ತವೆ. ಹಳೆಯ ಯಂತ್ರದಲ್ಲಿ ಯಾವುದು ಇತ್ತೋ ಅದನ್ನೇ ಇಲ್ಲೂ ಇಡಿ. ಯಾವುದಿತ್ತೆಂದು ಗೊತ್ತಿಲ್ಲದಿದ್ದರೆ ಒಂದೊಂದಾಗಿ ಇಟ್ಟು ನೋಡಿ. ಆದರೆ ಹಲವು ಡಿಸ್ಕು ಸೇರಿಸಿ ರೇಡ್ ಕಟ್ಟಿರುವ ಯಂತ್ರದಲ್ಲಿ ಮಾತ್ರ ಈ ಆಟ ಬೇಡ. ವಿಂಡೋಸ್ 8, 10, 11 ಇದ್ದರೆ ಇನ್ನೊಂದು ಸೊಗಸಾದ ದಾರಿಯಿದೆ. ಮೂರ್ನಾಲ್ಕು ಸಲ ಬೂಟ್ ವಿಫಲವಾದ ಮೇಲೆ ಅದೇ ತಾನಾಗಿ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗುವಂತೆ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನ್ನೊಳಗಿನ ಡಿಸ್ಕ್ ಡ್ರೈವರುಗಳನ್ನೆಲ್ಲ ತಂದು ನೋಡುತ್ತದೆ, ಹೊಂದಿದ್ದನ್ನು ಹಿಡಿದುಕೊಳ್ಳುತ್ತದೆ. ಒಂದು ಸಲ ಹಾಗೆ ಎದ್ದರೆ ಮುಂದಿನ ಸಲ ಮಾಮೂಲಿನಂತೆ ಏಳುತ್ತದೆ.

ವಿಂಡೋಸ್ 7ಕ್ಕೆ ರಿಜಿಸ್ಟ್ರಿಯನ್ನೇ ತಿದ್ದಬೇಕು. ರಿಪೇರಿ ಪೆನ್‌ಡ್ರೈವಿನಿಂದ ಎದ್ದು ರಿಜಿಸ್ಟ್ರಿ ಎಡಿಟರ್ ತೆರೆದು, ಹಳೆಯ ಡಿಸ್ಕಿನ ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಕೋಶದೊಳಗಿನ ಸಿಸ್ಟಮ್ ಕಡತವನ್ನು ಹೈವ್ ಆಗಿ ಲೋಡ್ ಮಾಡಿಕೊಳ್ಳಬೇಕು. ಇದನ್ನು ಮರೆತರೆ ನೀವು ತಿದ್ದುವುದು ಪೆನ್‌ಡ್ರೈವಿನ ರಿಜಿಸ್ಟ್ರಿಯನ್ನು, ಡಿಸ್ಕಿನದನ್ನಲ್ಲ. ಒಳಗೆ 'ಕರೆಂಟ್ ಕಂಟ್ರೋಲ್ ಸೆಟ್' ಕಾಣುವುದಿಲ್ಲ, ಅದು ನಡೆಯುತ್ತಿರುವ ವಿಂಡೋಸ್‌ನಲ್ಲಿ ಮಾತ್ರ ಹುಟ್ಟುವಂಥದ್ದು. 'ಸೆಲೆಕ್ಟ್' ಎಂಬಲ್ಲಿ ಎಷ್ಟನೆಯದು ಚಾಲ್ತಿಯಲ್ಲಿದೆ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 001. ಅದರ ಸರ್ವಿಸಸ್ ಪಟ್ಟಿಯಲ್ಲಿ ಎಂಎಸ್ಎಎಚ್‌ಸಿಐ ಹುಡುಕಿ, ಸ್ಟಾರ್ಟ್ ಅಂಕಿಯನ್ನು ಸೊನ್ನೆ ಮಾಡಿ, ಹೈವ್ ಅನ್‌ಲೋಡ್ ಮಾಡಿ, ರೀಸ್ಟಾರ್ಟ್ ಮಾಡಿ. ತಾಳ್ಮೆ ಬೇಕಾದ ಕೆಲಸ ಹೌದು, ಆದರೆ ಡಿಪ್ಲೊಮಾ ಓದುತ್ತಿರುವ ಯಾವ ಹುಡುಗಿಯೂ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದದ್ದು.

ಹೊಸ ಲ್ಯಾಪ್‌ಟಾಪುಗಳಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಇಂಟೆಲ್‌ನ ಹನ್ನೊಂದನೆಯ ತಲೆಮಾರಿನಿಂದೀಚೆಗೆ ಎಷ್ಟೋ ಲ್ಯಾಪ್‌ಟಾಪುಗಳು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಡಿಸ್ಕನ್ನು ಇಟ್ಟಿರುತ್ತವೆ. ಅದರ ಡ್ರೈವರ್ ಹಳೆಯ ಡಿಸ್ಕಿನ ವಿಂಡೋಸ್‌ನಲ್ಲಿ ಇರುವುದಿಲ್ಲ. ಬಯಾಸಿನಲ್ಲಿ ವಿಎಂಡಿ ಆಫ್ ಮಾಡಲು ಬಂದರೆ ಹಾಗೆ ಮಾಡಿ. ಬಾರದಿದ್ದರೆ ತಯಾರಕರ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡು, ರಿಪೇರಿ ಪರಿಸರದಿಂದ ಡಿಸ್ಮ್ ಎಂಬ ಆಜ್ಞೆಯ ಮೂಲಕ ಮಲಗಿರುವ ವಿಂಡೋಸ್‌ನೊಳಕ್ಕೆ ಸೇರಿಸಬೇಕು. ಇಲ್ಲೇ ಇನ್ನೊಂದು ಮಾತು ಹೇಳಬೇಕು. ಡಿಸ್ಕನ್ನು ಎಲ್ಲಿಗೂ ಒಯ್ಯದಿದ್ದರೂ ಒಂದು ದಿನ ಇದ್ದಕ್ಕಿದ್ದಂತೆ ಈ ನೀಲಿ ಪರದೆ ಬರಬಹುದು. ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ತೀರಿದಾಗ ಬಯಾಸಿನ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ, ಸಾಟಾ ಮೋಡ್ ಬದಲಾಗುತ್ತದೆ. ಗಡಿಯಾರ ಹಳೆಯ ವರ್ಷ ತೋರಿಸುತ್ತಿದ್ದರೆ ಅದೇ ಸುಳಿವು. ಬ್ಯಾಟರಿ ಬದಲಿಸಿ, ಮೋಡ್ ಸರಿಪಡಿಸಿದರೆ ಮುಗಿಯಿತು.

ಲಿನಕ್ಸ್ ಈ ವಿಷಯದಲ್ಲಿ ಹೆಚ್ಚು ಉದಾರಿ. ಡೆಬಿಯನ್, ಉಬುಂಟು ಬಳಗದ ವ್ಯವಸ್ಥೆಗಳು ಬೂಟಿನ ಮೊದಲ ಹಂತಕ್ಕೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟಿನಲ್ಲಿ ಬೇಕಾಗಬಹುದಾದ ಡ್ರೈವರುಗಳನ್ನು ಬಹುಪಾಲು ಕಟ್ಟಿಟ್ಟಿರುತ್ತವೆ. ಹಾಗಾಗಿ ಡಿಸ್ಕು ಬದಲಾದ ಯಂತ್ರದಲ್ಲೂ ನಿರಾಯಾಸವಾಗಿ ಎದ್ದುಬಿಡುವುದು ಹೆಚ್ಚು. ರೆಡ್ ಹ್ಯಾಟ್, ಫೆಡೋರಾ ಬಳಗ ಹಾಗಲ್ಲ. ಆ ಯಂತ್ರಕ್ಕೆ ಬೇಕಾದಷ್ಟನ್ನೇ ಕಟ್ಟುತ್ತವೆ. ಹೊಸ ಯಂತ್ರದಲ್ಲಿ ಬಹಳ ಹೊತ್ತು ಕಾದು ಡ್ರಾಕಟ್ ಎಂಬ ತುರ್ತು ಪ್ರಾಂಪ್ಟಿಗೆ ಬಂದು ನಿಂತರೆ ಗಾಬರಿ ಬೇಡ. ರೀಸ್ಟಾರ್ಟ್ ಮಾಡಿ ಗ್ರಬ್ ಪಟ್ಟಿಯ ಕೊನೆಯಲ್ಲಿರುವ 'ರೆಸ್ಕ್ಯೂ' ಸಾಲನ್ನು ಆರಿಸಿ. ಅದರ ಗಂಟು ದೊಡ್ಡದು, ಎಲ್ಲ ಬಗೆಯ ಡ್ರೈವರೂ ಅದರಲ್ಲಿವೆ. ಎದ್ದಮೇಲೆ ಡ್ರಾಕಟ್ ಆಜ್ಞೆ ಕೊಟ್ಟು ಈ ಯಂತ್ರಕ್ಕೆ ತಕ್ಕ ಹೊಸ ಗಂಟು ಕಟ್ಟಿಸಿದರೆ ಸಾಕು.

ಇನ್ನೊಂದು ಬಗೆಯ ತಪ್ಪು ಹೆಸರುಗಳದ್ದು. ಹಳೆಯ ಕಾಲದಲ್ಲಿ, ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಲಿನಕ್ಸಿಗೆ ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಸಿಕ್ಕಿದ ಸರದಿಯಲ್ಲೇ ಬರೆಯುತ್ತಿದ್ದರು. ಊರಿಗೆ ಹೊಸದಾಗಿ ಬಂದ ಅಂಚೆಯವನಿಗೆ ಸಾಲಿನ ಎರಡನೆಯ ಮನೆ ಎಂದು ವಿಳಾಸ ಕೊಟ್ಟ ಹಾಗೆ ಇದು. ನಡುವೆ ಇನ್ನೊಂದು ಮನೆ ಎದ್ದರೆ ಕಾಗದ ಯಾರದೋ ಕೈಗೆ ಹೋಗುತ್ತದೆ. ಹೊಸ ಯಂತ್ರದಲ್ಲಿ ಮೊದಲೇ ಒಂದು ಡಿಸ್ಕು ಇದ್ದರೆ ನಿಮ್ಮದು ಎಸ್‌ಡಿಬಿ ಆಗಿಬಿಡುತ್ತದೆ. ಎನ್‌ವಿಎಂಇ ಡಿಸ್ಕಿಗೆ ನಕಲು ಮಾಡಿದ್ದರೆ ಹೆಸರಿನ ರೀತಿಯೇ ಬೇರೆ. ಅದಕ್ಕಾಗಿಯೇ ಈಗ ಪ್ರತಿ ವಿಭಾಗಕ್ಕೂ ಅದರದೇ ಆದ ಯುಯುಐಡಿ ಎಂಬ ಉದ್ದ ಗುರುತು ಇರುತ್ತದೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಅದನ್ನೇ ಬರೆಯಬೇಕು.

ಹಳೆಯ ಯಂತ್ರದಲ್ಲಿದ್ದ ಎರಡನೆಯ ಡಿಸ್ಕಿನ ಹೆಸರು ಎಫ್‌ಎಸ್‌ಟ್ಯಾಬ್‌ನಲ್ಲಿ ಉಳಿದುಬಿಟ್ಟಿರುವುದೂ ಉಂಟು. ಇಲ್ಲದ ಆ ಡಿಸ್ಕಿಗಾಗಿ ವ್ಯವಸ್ಥೆ ಒಂದೂವರೆ ನಿಮಿಷ ಕಾದು, ಸಿಗದೆ ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಆ ಸಾಲನ್ನು ತೆಗೆಯಿರಿ, ಅಥವಾ ಅದಕ್ಕೆ 'ನೋಫೇಲ್' ಎಂದು ಸೇರಿಸಿ. ಇನ್ನು ಶಾಲೆಗಳಲ್ಲೂ ಕಚೇರಿಗಳಲ್ಲೂ ಮಾನಿಟರ್ ಇಲ್ಲದೆ ಮೂಲೆಯಲ್ಲಿ ಕೂತು ಕೆಲಸ ಮಾಡುವ ಸರ್ವರುಗಳ ವಿಷಯ. ಬೋರ್ಡು ಬದಲಾದಾಗ ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗುತ್ತದೆ, ಹಳೆಯ ಹೆಸರಿಗೆ ಕೊಟ್ಟ ಐಪಿ ವಿಳಾಸ ಹೊಸದಕ್ಕೆ ಸಿಗುವುದಿಲ್ಲ. ಯಂತ್ರ ಚೆನ್ನಾಗಿಯೇ ಎದ್ದಿರುತ್ತದೆ, ದೂರದಿಂದ ನೋಡುವವರಿಗೆ ಮಾತ್ರ ಸತ್ತಂತೆ ತೋರುತ್ತದೆ. ಒಂದು ಮಾನಿಟರ್ ಸಿಕ್ಕಿಸಿ ನೋಡುವ ಮೊದಲು ಬೂಟ್ ಆಗಿಲ್ಲ ಎಂದು ತೀರ್ಮಾನಿಸಬೇಡಿ.

ಇಲ್ಲಿಯವರೆಗೆ ಹೇಳಿದ ತೊಂದರೆಗಳಿಗೆಲ್ಲ ಮದ್ದುಂಟು. ಮದ್ದಿಲ್ಲದ ಒಂದು ಇದೆ, ಅದನ್ನು ಹೇಳದೆ ಈ ಭಾಷಣ ಮುಗಿಸಲಾರೆ. ಬಿಟ್‌ಲಾಕರ್. ಡಿಸ್ಕಿನ ಎಲ್ಲ ಅಕ್ಷರವನ್ನೂ ಗೂಢಲಿಪಿಗೆ ತಿರುಗಿಸಿ ಇಡುವ ಈ ವ್ಯವಸ್ಥೆ 2007ರ ವಿಂಡೋಸ್ ವಿಸ್ಟಾ ಜೊತೆ ಬಂತು. ಅದರ ಬೀಗದ ಕೈಯನ್ನು ಕಾಯುವುದು ಬೋರ್ಡಿನ ಮೇಲಿನ ಟಿಪಿಎಂ ಎಂಬ ಭಾಗ. ಬೋರ್ಡು ಬದಲಾಯಿತೆಂದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಿಕ್ಕರೆ ಡಿಸ್ಕು ಮಾಮೂಲಿನಂತೆ ತೆರೆದುಕೊಳ್ಳುತ್ತದೆ. ಸಿಗದಿದ್ದರೆ ಯಾವ ಅಂಗಡಿಯೂ ಯಾವ ಕಂಪನಿಯೂ ಅದನ್ನು ತೆರೆಯಲಾರದು. ಕಳ್ಳನ ಕೈಗೆ ಸಿಕ್ಕರೂ ಓದಲಾಗದಂತೆ ಮಾಡಿದ ರಕ್ಷಣೆ ಅದು, ಒಡೆಯನಿಗೂ ಅಷ್ಟೇ ಕಟ್ಟುನಿಟ್ಟು. ಕಳವಳದ ಸಂಗತಿಯೆಂದರೆ ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಇದು ತಾನಾಗಿ ಶುರುವಾಗುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಸಮಾಧಾನವೆಂದರೆ ಹಾಗೆ ಶುರುವಾದಾಗ ಕೀ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಿಂದಲೇ ಆ ಖಾತೆಗೆ ಹೋಗಿ ನೋಡಬಹುದು. ಅಂಗಡಿಯವರು ಹಾಕಿಕೊಟ್ಟ, ಪಾಸ್‌ವರ್ಡ್ ಮರೆತ ಖಾತೆಯಾಗಿದ್ದರೆ ಮಾತ್ರ ಕಷ್ಟ. ದಯವಿಟ್ಟು ಇವತ್ತೇ, ನಿಮ್ಮ ಕಂಪ್ಯೂಟರ್ ಸರಿಯಿರುವಾಗಲೇ, ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ದಸ್ತಾವೇಜುಗಳ ಜೊತೆ ಇಡಿ.

ಹಳೆಯ ಯಂತ್ರ ಇನ್ನೂ ನಡೆಯುತ್ತಿದ್ದು, ನೀವಾಗಿಯೇ ಡಿಸ್ಕು ಬದಲಿಸುತ್ತಿದ್ದರೆ ಇನ್ನೂ ಒಂದೆರಡು ಮುನ್ನೆಚ್ಚರಿಕೆ. ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಬಯಾಸಿನ ಸಾಟಾ ಮೋಡ್, ಬೂಟ್ ಮೋಡ್ ಇರುವ ಪುಟಗಳ ಫೋಟೊ ತೆಗೆದುಕೊಳ್ಳಿ. ಕೊನೆಯ ಸಲ ಆಫ್ ಮಾಡುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ವಿಂಡೋಸ್ 8ರಿಂದೀಚೆಗೆ ಬೇಗ ಏಳಬೇಕೆಂದು ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುವ ಅಭ್ಯಾಸವಿದೆ. ಶಿಫ್ಟ್ ಹಿಡಿದರೆ ಅದು ಪೂರ್ತಿ ಮುಚ್ಚುತ್ತದೆ. ನಕಲು ಡಿಸ್ಕು ಮಾಡಿಸಿದ್ದರೆ ಅಸಲು ಮತ್ತು ನಕಲು ಎರಡನ್ನೂ ಒಂದೇ ಯಂತ್ರಕ್ಕೆ ಸಿಕ್ಕಿಸಿ ಮೊದಲ ಸಲ ಬೂಟ್ ಮಾಡಬೇಡಿ. ಎರಡರ ಗುರುತೂ ಒಂದೇ ಆಗಿರುವುದರಿಂದ ವ್ಯವಸ್ಥೆ ಗೊಂದಲಕ್ಕೆ ಬೀಳುತ್ತದೆ.

ಹೊಸ ಯಂತ್ರದಲ್ಲಿ ಮೊದಲ ಸಲ ಎದ್ದಾಗ ಅವಸರ ಬೇಡ. ವಿಂಡೋಸ್ ಹೊಸ ಸಾಧನಗಳನ್ನು ಗುರುತಿಸುತ್ತ ಬಹಳ ಹೊತ್ತು ಕೂರಬಹುದು, ಒಂದೆರಡು ಸಲ ರೀಸ್ಟಾರ್ಟ್ ಆಗಬಹುದು. ನಡುವೆ ವಿದ್ಯುತ್ ತೆಗೆಯಬೇಡಿ. ಆಮೇಲೆ ಅದು ಆಕ್ಟಿವೇಶನ್ ಕೇಳುತ್ತದೆ. ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಪರವಾನಗಿ ಹಳೆಯ ಬೋರ್ಡಿಗೆ ಸೇರಿದ್ದು. ಹೊಸ ಬೋರ್ಡಿಗೆ ಹೊಸ ಪರವಾನಗಿಯೇ ಬೇಕಾಗಬಹುದು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೊನೆಯದಾಗಿ, ಏನು ಮಾಡಿದರೂ ಹೊಸ ಯಂತ್ರದಲ್ಲಿ ಏಳದ ಡಿಸ್ಕುಗಳು. ವಿಂಡೋಸ್ ಎಕ್ಸ್‌ಪಿ ಮತ್ತು 7 ಇವತ್ತಿನ ಬೋರ್ಡುಗಳ ಮೇಲೆ ನೇರವಾಗಿ ನಡೆಯುವುದು ತೀರ ಕಷ್ಟ. ಎನ್‌ವಿಎಂಇಗೂ ಯುಎಸ್‌ಬಿ 3ಕ್ಕೂ ಬೇಕಾದ ಡ್ರೈವರ್ ಮೂಲ ವಿಂಡೋಸ್ 7ರಲ್ಲಿ ಇಲ್ಲ, ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2020ರ ಜನವರಿ 14ಕ್ಕೆ ನಿಲ್ಲಿಸಿದೆ. ಮೊದಲು ಹೇಳಿದ ಡಿಟಿಪಿ ಅಂಗಡಿಗಳ ಕಷ್ಟ ಬಹುಪಾಲು ಇದೇ. ಅವರಿಗೆ ನಾನು ಸೂಚಿಸುವುದು ವರ್ಚುವಲ್ ಯಂತ್ರ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿನಿಂದ ಹೊಸ ಕಂಪ್ಯೂಟರಿಗೆ ಜೋಡಿಸಿ, ಡಿಸ್ಕ್2ವಿಎಚ್‌ಡಿ ಎಂಬ ಉಚಿತ ಸಲಕರಣೆಯಿಂದ ಇಡೀ ಡಿಸ್ಕನ್ನು ಒಂದೇ ಕಡತವಾಗಿ ಮಾಡಿಕೊಳ್ಳಿ. ವರ್ಚುವಲ್‌ಬಾಕ್ಸ್ ಎಂಬ, ಇದೂ ಉಚಿತವಾದ, ತಂತ್ರಾಂಶದಲ್ಲಿ ಆ ಕಡತವನ್ನು ಡಿಸ್ಕಾಗಿ ಕೊಡಿ. ಡಿಸ್ಕ್ ನಿಯಂತ್ರಕ ಯಾವುದಿರಬೇಕು ಎಂದು ಅಲ್ಲಿ ನೀವೇ ಆರಿಸಬಹುದು: ಹಳೆಯ ವಿಂಡೋಸ್‌ಗೆ ರೂಢಿಯಿದ್ದ ಐಡಿಇಯನ್ನೇ ಆರಿಸಿ, 7ಬಿ ನೀಲಿ ಪರದೆಯ ಕಾರಣವೇ ಇಲ್ಲವಾಗುತ್ತದೆ. ಇಂಟರ್ನೆಟ್ ಸಂಪರ್ಕವನ್ನು ಮಾತ್ರ ಅದಕ್ಕೆ ಕೊಡಬೇಡಿ, ಹೊಸ ವೈರಸ್‌ಗಳ ಎದುರು ಅದಕ್ಕೆ ರಕ್ಷಣೆಯಿಲ್ಲ. ಆಕ್ಟಿವೇಶನ್ ಇಲ್ಲೂ ಕೇಳುತ್ತದೆ. ಪುಟ ತಯಾರಾದ ಮೇಲೆ ಪಿಡಿಎಫ್ ಆಗಿ ಹೊರಗೆ ತೆಗೆದು ಹೊಸ ಕಂಪ್ಯೂಟರಿನ ಪ್ರಿಂಟರಿನಿಂದ ಮುದ್ರಿಸಿ. ಪೇಜ್‌ಮೇಕರ್, ನುಡಿ ಫಾಂಟುಗಳು, ಹಳೆಯ ಲಗ್ನಪತ್ರಿಕೆಗಳ ಮಾದರಿ ಎಲ್ಲವೂ ಒಂದು ಕಿಟಕಿಯೊಳಗೆ ಮೊದಲಿನಂತೆ ತೆರೆದುಕೊಳ್ಳುತ್ತವೆ, ಮೂಲ ಡಿಸ್ಕನ್ನು ಆಮೇಲೆ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟುಬಿಡಬಹುದು.